ಮೇಷ್ಟ್ರು ಹೇಳುತ್ತಿದ್ದ ನನ್ನ ಕಥೆ

ಲಷ್ಕರ್ ಮೊಹಲ್ಲಾದಲ್ಲಿ ಅವರನ್ನು ಎಲ್ಲರೂ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಆದರೆ ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಸ್ವೀಟ್ ಅಂಗಡಿಯವರಿಗೆ, ಊದುಬತ್ತಿಯವರಿಗೆ, ಸೀರೆ ಅಂಗಡಿಯವರಿಗೆ ರಟ್ಟಿನ ಡಬ್ಬಿ ಮಾಡಿಕೊಡುವುದು ಅವರ ಕಸುಬು. ಹಳೆಯ ಮನೆಯೊಂದರ ಕೆಳಗಿನ ಅಂತಸ್ತಿನಲ್ಲಿ ಎರಡು ಕಟಿಂಗ್ ಮೆಷೀನು, ಚಾಪೆಯ ಮೇಲೆ ಕೂತು ಅಂಟು ಹಚ್ಚುವ ಹದಿನಾಲ್ಕು ಜನ ಹೆಂಗಸರು. ಮೇಲಿನ ಅಂತಸ್ತಿನಲ್ಲಿ ಅವರ ಸಂಸಾರ. ಈ ವರ್ಷದ ಮೊದಲಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ, ಆ ಬೀದಿಯಲ್ಲಿ ಆ ಹೆಸರಿಗೆ ಇವತ್ತಿಗೂ ಮರ್ಯಾದೆ ಇದೆ, ಅದನ್ನು ಕೆಡಿಸುವ ಆಸೆ ನನಗಿಲ್ಲ.

ಮೇಷ್ಟ್ರು ಎನ್ನುವ ಹೆಸರು ಬಂದದ್ದು ಭಾನುವಾರಗಳಿಂದ. ಬೋಗಾದಿಯಲ್ಲಿ ಸುತ್ತಲಿನ ಹಳ್ಳಿಗಳಿಂದ ಓದಲು ಬಂದ ಮಕ್ಕಳಿಗಾಗಿ ಒಂದು ಹಾಸ್ಟೆಲ್ ಇದೆ. ಭಾನುವಾರ ಬೆಳಗಿನ ತಿಂಡಿ ಮುಗಿದ ಮೇಲೆ ಅದರ ಊಟದ ಹಾಲಿನಲ್ಲಿ ಅವರು ಊರಿನ ದುಡಿಮೆಗಾರರನ್ನು ಕರೆತಂದು ಮಾತಾಡಿಸುತ್ತಿದ್ದರು. ಹೋಟೆಲ್ ಇಟ್ಟವರು, ಗ್ಯಾರೇಜ್ ನಡೆಸುವವರು, ಮನೆಮನೆಗೆ ನರ್ಸುಗಳನ್ನು ಕಳಿಸುವ ಏಜೆನ್ಸಿಯ ಹೆಂಗಸು, ವ್ಯಾಪಾರಿಗಳ ಸಂಘದ ಅಧ್ಯಕ್ಷರು, ಎಲೆಕ್ಟ್ರಿಕಲ್ ಕಂಟ್ರಾಕ್ಟರು. ಬಂದವರಿಗೆಲ್ಲ ಬಾಗಿಲಲ್ಲೇ ಒಂದು ಷರತ್ತು ಹಾಕುತ್ತಿದ್ದರು.

"ನೀವು ಗೆದ್ದಿದ್ದು ಈ ಮಕ್ಳಿಗೆ ಬೇಡ ಕಣ್ರೀ. ಅದು ನಿಮ್ಮ ಕಾರ್ ನೋಡುದ್ರೆ ಗೊತ್ತಾಯ್ತದೆ. ಬಿದ್ದಿದ್ದ ದಿನ ಹೇಳಿ."

ಕೆಲವರು ಇದಕ್ಕೆ ಮುಖ ಸಿಂಡರಿಸುತ್ತಿದ್ದರು. ಒಬ್ಬ ದೊಡ್ಡ ಮನುಷ್ಯರು ತಾವು ಬಿದ್ದೇ ಇಲ್ಲ ಎಂದರು. ಹಾಗಾದರೆ ಎದ್ದದ್ದಾದರೂ ಹೇಗೆ ಎಂದು ಇವರು ಮಕ್ಕಳ ಎದುರಿಗೇ ಕೇಳಿಬಿಟ್ಟರು. ಆ ಮನುಷ್ಯರು ಮತ್ತೆ ಹಾಸ್ಟೆಲ್ಲಿನ ಕಡೆ ತಲೆ ಹಾಕಲಿಲ್ಲ.

ಅವರ ಪಾಠಗಳೆಲ್ಲ ಇಂಥವೇ. ಬ್ಯಾಂಕ್ ಮ್ಯಾನೇಜರ್ ಎದುರು ಕೂರುವುದು ಹೇಗೆ ಎಂದು ಒಂದು ಇಡೀ ಭಾನುವಾರ ಕಲಿಸಿದ್ದರು. ಪ್ಲಾಸ್ಟಿಕ್ ಕುರ್ಚಿಯನ್ನು ತಮ್ಮ ಟವೆಲಿನಲ್ಲಿ ಒರೆಸಿ ಮುಂದಿಡುವರು. ಹುಡುಗರು ಒಬ್ಬೊಬ್ಬರಾಗಿ ಬಂದು ಕುರ್ಚಿಯ ತುದಿಯಲ್ಲಿ ಕೂರುವರು. "ಪೂರ್ತಿ ಕೂತ್ಕೊ. ಬೆನ್ನು ತಾಗ್ಲಿ. ಕುರ್ಚಿ ಅವರಪ್ಪಂದಲ್ಲ." ಯಾರಾದರೂ "ನೋಡೋಣ ಸಾರ್" ಎಂದರೆ ಸಿಟ್ಟು ಬರುತ್ತಿತ್ತು. ಆಗುತ್ತದೆ ಅನ್ನಿ, ಇಲ್ಲ ಆಗುವುದಿಲ್ಲ ಅನ್ನಿ, ಎದುರಿಗಿರುವವರನ್ನು ಕಾಯಿಸಬೇಡಿ ಎನ್ನುವರು. ಸಲಹೆ ಕೊಡುವವರ ವಿಷಯದಲ್ಲೂ ಒಂದು ಮಾತಿತ್ತು. "ಯಾರೇ ಬುದ್ಧಿ ಹೇಳ್ಲಿ, ನಾನೇ ಹೇಳ್ಲಿ, ಅದ್ರಿಂದ ಹೇಳ್ದೋರಿಗೇನು ಲಾಭ ಅಂತ ಮೊದ್ಲು ನೋಡ್ಕೊಳ್ಳಿ." ಅದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ.

ನಾನು ಹಿನಕಲ್ಲಿನವಳು. ನಮ್ಮ ಹೊಲ ಲೇಔಟ್ ಆಗಿ ಹೋದ ಮೇಲೆ ಅಪ್ಪ ಎರಡು ಹಸು ಕಟ್ಟಿಕೊಂಡು, ಅದೇ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟಿಗೆ ಹಾಲು ಹಾಕುತ್ತಿದ್ದರು. ಬಿಕಾಂ ಕೊನೆಯ ವರ್ಷದಲ್ಲಿದ್ದಾಗ ಹಾಸ್ಟೆಲ್ಲಿನ ಗೆಳತಿಯ ಜೊತೆ ಒಂದು ಭಾನುವಾರ ಅಲ್ಲಿ ಕೂತಿದ್ದೆ. ಮೇಷ್ಟ್ರು ನನ್ನತ್ತ ಬೆರಳು ಮಾಡಿದರು.

"ನಿಂಗೇನು ಬರುತ್ತಮ್ಮ?"

"ಬಿಕಾಂ ಓದ್ತಿದೀನಿ ಸಾರ್."

"ಅದು ಓದೋದು. ಬರೋದೇನು?"

ಕೂತಿದ್ದವರೆಲ್ಲ ನಕ್ಕರು. ನನಗೆ ಗಾಬರಿಯಾದಾಗ ಕೈಗೆ ಸಿಕ್ಕ ಕಾಗದ ಮಡಚುವ ಚಾಳಿ. ಆವತ್ತು ಹಂಚಿದ್ದ ಹಾಳೆಯನ್ನು ನನಗೇ ತಿಳಿಯದ ಹಾಗೆ ಮಡಚಿ ಒಂದು ಮುಚ್ಚಳದ ಡಬ್ಬಿ ಮಾಡಿಬಿಟ್ಟಿದ್ದೆ. ಅವರು ಬಂದು ಅದನ್ನು ಇಸಿದುಕೊಂಡರು. ಬಿಚ್ಚಿದರು. ಮತ್ತೆ ಮಡಚಲು ನೋಡಿದರು, ಬರಲಿಲ್ಲ. ನಗುತ್ತಿದ್ದವರ ಕಡೆ ತಿರುಗಿ, "ನಂಗೆ ಮೂವತ್ತು ವರ್ಷದಿಂದ ಇದೇ ಕೆಲ್ಸ. ಬರ್ಲಿಲ್ಲ ನೋಡ್ರಿ," ಎಂದರು. ಆಮೇಲೆ ನನಗೆ, "ನಾಳೆ ಬೆಳಿಗ್ಗೆ ಕಾರ್ಖಾನೆಗೆ ಬಾ."

ಹೋದೆ. ಪರೀಕ್ಷೆ ಮುಗಿಯುವವರೆಗೆ ಸಂಜೆ, ಆಮೇಲೆ ಇಡೀ ದಿನ. ಒಳ್ಳೆಯ ತುಪ್ಪದ ಮೈಸೂರ್ ಪಾಕ್ ಹಾಕಿದರೆ ಡಬ್ಬಿಯ ತಳ ಒಸರಿ ಕೊಂಡವರ ಬ್ಯಾಗು, ಬಟ್ಟೆ ಎಲ್ಲ ಜಿಡ್ಡಾಗುತ್ತಿತ್ತು. ಅಂಗಡಿಯವರು ಅದನ್ನೇ ಗೊಣಗುತ್ತಿದ್ದರು. ನಾನು ಒಂದೇ ಹಾಳೆಯನ್ನು ಎರಡು ತಳ ಬರುವ ಹಾಗೆ, ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟು, ಅಂಟಿಲ್ಲದೆ ಮಡಚಿ ತೋರಿಸಿದೆ. ಮೇಷ್ಟ್ರು ಅದರಲ್ಲಿ ಮೈಸೂರ್ ಪಾಕ್ ತುಂಬಿಸಿ, ತಮ್ಮ ಬಿಳಿ ಪಂಚೆಯ ಮೇಲೆ ಒಂದು ಇಡೀ ದಿನ ಇಟ್ಟರು. ಸಂಜೆ ಪಂಚೆಯನ್ನು ಅಂಟು ಹಚ್ಚುವ ಹೆಂಗಸರಿಗೆಲ್ಲ ಹಿಡಿದು ತೋರಿಸಿದರು. ಒಂದು ಕಲೆಯೂ ಇರಲಿಲ್ಲ. ಆವತ್ತು ಅವರ ಮುಖದಲ್ಲಿದ್ದ ಸಂತೋಷ ನಟನೆಯಲ್ಲ. ಅದನ್ನು ಈಗಲೂ ಅನುಮಾನಿಸಲು ನನ್ನಿಂದ ಆಗುವುದಿಲ್ಲ.

ಅಷ್ಟರಲ್ಲಿ ಅಪ್ಪ ನಂಜನಗೂಡಿನ ಕಡೆಯ ಒಂದು ಸಂಬಂಧ ನೋಡಿದ್ದರು. ಮೇಷ್ಟ್ರಿಗೆ ಹೇಳಿದೆ. ಮರುದಿನವೇ ಅವರು ಸ್ಕೂಟರಿನಲ್ಲಿ ನಮ್ಮ ಮನೆಗೆ ಬಂದರು. ಅಪ್ಪ ಕೊಟ್ಟ ಕುರ್ಚಿಯಲ್ಲಿ ಬೆನ್ನು ತಾಗಿಸಿ ಕೂತರು.

"ಎರಡು ವರ್ಷ ನನ್ ಕೈಗೆ ಕೊಡಿ ಗೌಡ್ರೆ. ಆಮೇಲೂ ಮದ್ವೆ ಮಾಡ್ಬೇಕು ಅನ್ಸುದ್ರೆ ಚಪ್ಪರ ಕಟ್ಟೋಕೆ ನಾನೇ ಬತ್ತೀನಿ."

"ಜನ ಏನಂತಾರೆ ಸ್ವಾಮಿ?"

"ಏನಾದ್ರೂ ಅಂದ್ರೆ ನನ್ ತಾವ ಕಳ್ಸಿ."

ಅಪ್ಪ ಒಪ್ಪಿದರು. ಹೆತ್ತ ಅಪ್ಪನಿಗೆ ನಾನು ಹೇಳಲಾಗದ ಮಾತನ್ನು ಹೇಳಲು ಇನ್ನೊಬ್ಬ ಅಪ್ಪ ಸಿಕ್ಕಿದರು ಎಂದುಕೊಂಡೆ.

ಪುಣೆಯ ಒಂದು ಸಂಸ್ಥೆಯಲ್ಲಿ ಡಬ್ಬಿ, ಪೊಟ್ಟಣಗಳ ವಿನ್ಯಾಸ ಕಲಿಸುವ ಒಂದು ವರ್ಷದ ತರಬೇತಿ ಇದೆ ಎಂಬ ಜಾಹೀರಾತನ್ನು ಕತ್ತರಿಸಿ ನನ್ನ ಮೇಜಿನ ಮೇಲೆ ಇಟ್ಟವರೂ ಅವರೇ. ದೇಶದಿಂದೆಲ್ಲ ಕೆಲವೇ ಜನರನ್ನು ತೆಗೆದುಕೊಳ್ಳುತ್ತಿದ್ದರು. ಊಟ, ವಸತಿ ಅವರದೇ. "ಹಾಕು. ಹಾಕೋದ್ರಲ್ಲಿ ಏನೈತೆ," ಎಂದರು. ಅರ್ಜಿಯ ಜೊತೆ ಎರಡು ತಳದ ಡಬ್ಬಿಯ ಒಂದು ಮಾದರಿ ಕಳಿಸಿದೆ. ಹಿನಕಲ್ ನಗರಕ್ಕೆ ಸೇರುತ್ತಿದ್ದ ದಿನಗಳವು. ನಮ್ಮ ಬೀದಿಯ ಮನೆ ನಂಬರುಗಳು ಬದಲಾಗಿ ಅಂಚೆ ಎಲ್ಲೆಲ್ಲೋ ಹೋಗುತ್ತಿತ್ತು. ಹಾಗಾಗಿ ಕಾರ್ಖಾನೆಯ ವಿಳಾಸ, ಕಾರ್ಖಾನೆಯ ಫೋನ್ ನಂಬರ್ ಕೊಟ್ಟೆ.

ಎರಡು ತಿಂಗಳು ದಿನಾ ಕೇಳಿದೆ.

"ಬಂತಾ ಸಾರ್?"

"ಇಲ್ಲ ಕಣಮ್ಮ."

ಒಂದು ಬೆಳಿಗ್ಗೆ ಅವರೇ ಕರೆದರು. "ನಾನೇ ಫೋನ್ ಮಾಡಿ ಕೇಳ್ದೆ. ಲಿಸ್ಟ್‌ನಲ್ಲಿ ನಿನ್ ಹೆಸ್ರಿಲ್ವಂತೆ." ನಾನು ರಟ್ಟಿನ ಹಾಳೆಗಳನ್ನು ಪೇರಿಸಿದ್ದ ಮೂಲೆಗೆ ಹೋಗಿ ಅತ್ತೆ. ಅವರು ತಾವೇ ಮಹಡಿಯಿಂದ ಕಾಫಿ ತಂದು ಪಕ್ಕದಲ್ಲಿಟ್ಟರು. ನನಗೇ ಸಾಕೆನ್ನಿಸುವಷ್ಟು ಹೊತ್ತು ಜೊತೆಗೆ ಕೂತಿದ್ದರು. "ಪೂರ್ತಿ ಅತ್ಬುಡು. ಅರ್ಧಂಬರ್ಧ ಅಳ್ಬೇಡ. ಆಮೇಲೆ ಬಾ, ಕೆಲ್ಸ ಐತೆ." ಆ ವರ್ಷ ದಸರಾಕ್ಕೆ ಎಂದೂ ಬಾರದಷ್ಟು ಡಬ್ಬಿಯ ಆರ್ಡರ್ ಬಂದಿತ್ತು. ಮರುದಿನ ಎಂದಿನ ಹೊತ್ತಿಗೇ ಹೋಗಿ ಕೆಲಸಕ್ಕೆ ಕೂತೆ.

ಆ ಮರುದಿನವೇ ಕಥೆಯಾಯಿತು. ಮೊದಲ ಸಲ ಹಾಸ್ಟೆಲ್ಲಿನಲ್ಲಿ ಅದನ್ನು ಹೇಳಿದಾಗ ನನಗೆ ನಾಚಿಕೆಯಾಯಿತು. "ಪುಣೇಲಿ ಸೀಟ್ ಇಲ್ಲ ಅಂದ್ರು. ಈ ಹುಡ್ಗಿ ಅತ್ಲು. ಮಾರ್ನೆ ದಿನ ಬಂದು ಮೆಷೀನ್ ಮುಂದೆ ನಿಂತ್ಕೊಂಡ್ಲು. ಬಾಗ್ಲು ಮುಚ್ಚಿದ್ರೆ ಮುಚ್ಚಲಿ, ಕೈ ಇನ್ನೂ ನಂದೇ ಅಲ್ವಾ ಅಂದ್ಲು." ಹಾಗೆ ನಾನು ಅಂದಿರಲಿಲ್ಲ. ಆದರೆ ಅದು ಚೆನ್ನಾಗಿತ್ತು, ಸುಮ್ಮನಿದ್ದೆ. "ಏಳಮ್ಮ," ಎನ್ನುವರು. ನಾನು ಏಳುವೆ. ಚಪ್ಪಾಳೆ.

ಹದಿಮೂರು ವರ್ಷ ಹೀಗೇ ಎದ್ದು ನಿಂತಿದ್ದೇನೆ. ಹಾಸ್ಟೆಲ್ಲಿನ ಹಾಲಿನಲ್ಲಿ, ಕಾಲೇಜುಗಳಲ್ಲಿ, ಸಂಘಗಳ ವಾರ್ಷಿಕೋತ್ಸವದಲ್ಲಿ. ನಡುವೆ ಕಾರ್ಖಾನೆಯ ಮೇಲ್ವಿಚಾರಕಿಯಾದೆ, ನನಗೆ ಬೇಕಾದವರನ್ನು ಮದುವೆಯಾಗಿ ಬೋಗಾದಿಯಲ್ಲೇ ಮನೆ ಮಾಡಿದೆ. ಭಾಷಣ ಮುಗಿದ ಮೇಲೆ ಹುಡುಗಿಯರು ನನ್ನ ಹತ್ತಿರ ಬರುತ್ತಿದ್ದರು. ನರ್ಸಿಂಗ್ ಸೀಟು ಸಿಗದವಳು, ಪೊಲೀಸ್ ಆಯ್ಕೆಯಲ್ಲಿ ಕೊನೆಗೆ ಬಿಟ್ಟುಹೋದವಳು. "ನನ್ನ ನೋಡಿ, ನನಗೇನಾಗಿದೆ?" ಎಂದು ಎಷ್ಟು ಮಕ್ಕಳ ಭುಜ ತಟ್ಟಿದ್ದೇನೋ.

ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಪ್ಯಾಕಿಂಗ್ ಕಾರ್ಖಾನೆಗಳ ವಸ್ತುಪ್ರದರ್ಶನ ನಡೆಯಿತು. ಮೇಷ್ಟ್ರಿಗೆ ಮಂಡಿನೋವು, ನನ್ನನ್ನೇ ಕಳಿಸಿದರು. ನಮ್ಮ ಮಳಿಗೆಯ ಮುಂದೆ ವಯಸ್ಸಾದ ಹೆಂಗಸೊಬ್ಬರು ನಿಂತು ಮೈಸೂರ್ ಪಾಕ್ ಡಬ್ಬಿ ಎತ್ತಿಕೊಂಡರು. ಬಿಚ್ಚಿದರು. ಮತ್ತೆ ಸಲೀಸಾಗಿ ಮಡಚಿ ಇಟ್ಟರು. ಕಲಿಸದೆ ಅದನ್ನು ಯಾರೂ ಹಾಗೆ ಮಡಚಿದ್ದಿಲ್ಲ. ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಅವರು ಪುಣೆಯ ಆ ಸಂಸ್ಥೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಅವರ ಹಿಂದಿಗೆ ನನ್ನ ಹಿಂದಿ ಅಷ್ಟಕ್ಕಷ್ಟೆ, ಆದರೂ ಒಂದೊಂದು ಮಾತೂ ತಿಳಿಯಿತು. ಬಹಳ ವರ್ಷದ ಹಿಂದೆ ಮೈಸೂರಿನ ಹುಡುಗಿಯೊಬ್ಬಳು ಇಂಥದೇ ಒಂದನ್ನು ಅರ್ಜಿಯ ಜೊತೆ ಕಳಿಸಿದ್ದಳು. ನೋಡಿದ ಕೂಡಲೇ ಅವಳನ್ನು ಆರಿಸಿದೆವು. ಪತ್ರ ಬರೆದೆವು. ಅವಳ ಕಡೆಯ ಯಾರೋ ಹಿರಿಯರು ಫೋನ್ ಮಾಡಿ, ಹುಡುಗಿಗೆ ಮದುವೆ ಗೊತ್ತಾಗಿದೆ, ಬರುವುದಿಲ್ಲ ಎಂದರು. ಆ ಡಬ್ಬಿಯನ್ನು ನಿವೃತ್ತಿಯಾಗುವವರೆಗೂ ತರಗತಿಯಲ್ಲಿ ತೋರಿಸುತ್ತಿದ್ದೆ ಎಂದರು ಆಕೆ.

"ಅದು ನಾನೇ," ಎಂದೆ.

ಅವರು ನನ್ನ ಮುಖ ನೋಡಿ, "ಮದುವೆ ಚೆನ್ನಾಗಿದೆಯಾ?" ಎಂದು ಅಕ್ಕರೆಯಿಂದ ಕೇಳಿದರು. ಹೌದು ಎಂದೆ.

ಮೈಸೂರಿನ ರೈಲಿನಲ್ಲಿ ಕೂತು ಅವರ ಮಾತನ್ನು ಸುಳ್ಳು ಮಾಡಲು ಎಷ್ಟು ದಾರಿ ಇದೆಯೋ ಅಷ್ಟನ್ನೂ ಹುಡುಕಿದೆ. ಬೇರೆ ಹುಡುಗಿ ಇರಬಹುದು. ಅಪ್ಪನೇ ಫೋನ್ ಮಾಡಿರಬಹುದು. ಆದರೆ ಅಪ್ಪನಿಗೆ ಆ ಅರ್ಜಿಯ ವಿಷಯವೇ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ. ನನ್ನ ಮದುವೆ ತಪ್ಪಿಸಲು ಹಿನಕಲ್ಲಿನವರೆಗೆ ಬಂದವರು, ನನಗೆ ಪುಣೆ ತಪ್ಪಿಸಲು ಅದೇ ಮದುವೆಯ ನೆಪ ಹೇಳಿದ್ದರು.

ಮರುದಿನ ಬೆಳಿಗ್ಗೆ ಮಹಡಿ ಹತ್ತಿದೆ. ಅವರು ಬಾಲ್ಕನಿಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಅವರ ಹೆಂಡತಿ ಮಾರ್ಕೆಟ್ಟಿಗೆ ಹೋಗಿದ್ದರು.

"ಎಂಗಾಯ್ತು ಬೆಂಗ್ಳೂರು?"

"ಪುಣೆಯಿಂದ ನನಗೆ ಪತ್ರ ಬಂದಿತ್ತಾ ಸಾರ್?"

ಎಣ್ಣೆಯ ಕೈ ಮಂಡಿಯ ಮೇಲೇ ನಿಂತಿತು. ಅವರು ಯಾವ ಪತ್ರ ಎಂದು ಕೇಳಲಿಲ್ಲ. ಕೇಳಿದ್ದರೆ ನಾನು ಇನ್ನೂ ಒಂದು ನಿಮಿಷ ಅವರನ್ನು ನಂಬಿರುತ್ತಿದ್ದೆ.

"ಹೂಂ. ಬಂದಿತ್ತು."

"ಸೀಟು ಸಿಕ್ಕಿತ್ತಾ?"

"ಸಿಕ್ಕಿತ್ತು." ಅವರೇ ಮುಂದುವರಿಸಿದರು. "ನಿಂಗೆ ಸಿಗ್ತದೆ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ಕಣಮ್ಮ."

ಸೀಟು ಸಿಗದು ಎಂದುಕೊಂಡೇ ಅವರು ಆ ಜಾಹೀರಾತು ಕತ್ತರಿಸಿ ಕೊಟ್ಟಿದ್ದರು. ಇದು ನನ್ನನ್ನು ಆ ಫೋನಿಗಿಂತ ಹೆಚ್ಚು ನೋಯಿಸಿತು.

"ದಸರಾ ಆರ್ಡರ್ ಒಪ್ಕೊಂಡ್ಬುಟ್ಟಿದ್ದೆ. ನೀನೊಬ್ಳು ಹೋದ್ರೆ ಆ ಡಬ್ಬಿ ಮಡಚೋದ್ನ ಯಾರ್ಗೂ ಹೇಳ್ಕೊಡೋರಿಲ್ಲ. ಕೆಳಗೆ ಹದ್ನಾಲ್ಕು ಜನ ಕೂತವ್ರೆ. ಈ ಒಂದ್ ವರ್ಷ ಕಳೀಲಿ, ಮುಂದಿನ್ ವರ್ಷ ನಾನೇ ರೈಲು ಹತ್ತಿಸ್ತೀನಿ ಅಂತ ಇದ್ದೆ. ದೇವ್ರಾಣೆ."

"ಮುಂದಿನ ವರ್ಷ ಯಾಕೆ ಹೇಳ್ಲಿಲ್ಲ?"

ಅವರು ರಸ್ತೆಯ ಕಡೆ ತಿರುಗಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಅಷ್ಟೊತ್ಗೆ ನಿನ್ ಕಥೆ ಹೇಳೋಕೆ ಶುರು ಮಾಡ್ಬುಟ್ಟಿದ್ದೆ."

ನನಗೆ ಕೂಗಾಡಲು ಬರಲಿಲ್ಲ. ಅಳುವೂ ಬರಲಿಲ್ಲ. "ನಾನು ಹದಿಮೂರು ವರ್ಷ ಎದ್ದು ನಿಂತೆನಲ್ಲ ಸಾರ್," ಎಂದೆ.

"ನಿಂಗೇನು ಕಮ್ಮಿ ಆಯ್ತು ಹೇಳು? ಮನೆ ಇಲ್ವಾ, ಗಂಡ ಇಲ್ವಾ? ಮರ್ಯಾದೆ ಇಲ್ವಾ?" ಎಂದರು. ದನಿಯಲ್ಲಿ ಜೋರಿತ್ತು. ಆಮೇಲೆ ದನಿ ಇಳಿಸಿದರು. "ಏನ್ ಮಾಡ್ಬೇಕು ಹೇಳು. ಮಾಡ್ತೀನಿ."

"ಮಕ್ಕಳ ಮುಂದೆ ನಿಜ ಹೇಳಿ. ನನ್ನ ಕೈಲಿ ಹೇಳಿಸ್ಬೇಡಿ, ನೀವೇ ಹೇಳಿ. ಬಿದ್ದಿದ್ದ ದಿನ ಹೇಳಿ ಅಂತೀರಲ್ಲ."

"ಆಯ್ತು. ಭಾನುವಾರ ಹೇಳ್ತೀನಿ."

ನೋಡೋಣ ಎನ್ನಲಿಲ್ಲ. ಆದ್ದರಿಂದ ನಂಬಿದೆ. ಆ ನಾಲ್ಕು ದಿನ ಅವರ ಮೇಲಿನ ಸಿಟ್ಟಿನ ಜೊತೆಗೇ ಒಂದು ಬಗೆಯ ಹೆಮ್ಮೆಯೂ ಬೆಳೆಯುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ, ಊರೆಲ್ಲ ಕೈಮುಗಿಯುವ ಮನುಷ್ಯ, ಮಕ್ಕಳೆದುರು ತನ್ನ ತಪ್ಪು ಒಪ್ಪಿಕೊಳ್ಳುವುದೆಂದರೆ ಸಣ್ಣ ಮಾತೇ? ಅವರು ಹೇಳಿ ಮುಗಿಸಿದ ಕೂಡಲೇ ಹೋಗಿ ಕೈ ಹಿಡಿದುಕೊಳ್ಳಬೇಕು ಎಂದು ನಿರ್ಧರಿಸಿದ್ದೆ.

ಆ ಭಾನುವಾರ ಹಾಸ್ಟೆಲ್ಲಿನ ಹಾಲ್ ತುಂಬಿತ್ತು. ಅವರು ಕೋಲೂರಿಕೊಂಡು ಎದ್ದರು. ನೀರು ಕುಡಿದರು. "ಇವತ್ತು ಒಂದ್ ವಿಷ್ಯ ಹೇಳ್ಬೇಕು," ಎಂದರು. ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡೆ. ಅವರ ಕಣ್ಣು ನನ್ನ ಮೇಲೆ ಒಂದು ಕ್ಷಣ ಬಂದು, ಹಿಂದಿನ ಗೋಡೆಗೆ ಹೋಯಿತು.

"ಪುಣೇಲಿ ಸೀಟ್ ಇಲ್ಲ ಅಂದ್ರು. ಈ ಹುಡ್ಗಿ ಅತ್ಲು..."

ಅದೇ ಕಥೆ, ಒಂದಕ್ಷರ ಬದಲಿಲ್ಲ. ಎಲ್ಲಿ ದನಿ ಏರಬೇಕೋ ಅಲ್ಲಿ ಏರಿತು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಧೈರ್ಯ ಸಾಲದೆ ಹೀಗಾಯಿತೋ, ಅಥವಾ ಮೈಕು ಕೈಗೆ ಬಂದ ಕೂಡಲೇ ಬಾಯಿ ತಾನಾಗಿ ಹಳೆಯ ದಾರಿ ಹಿಡಿಯಿತೋ, ಇವತ್ತಿಗೂ ನನಗೆ ತಿಳಿಯದು. ಕೊನೆಗೆ ಕೈ ಚಾಚಿದರು.

"ಏಳಮ್ಮ."

ನಾನು ಏಳಲಿಲ್ಲ. ಚಪ್ಪಾಳೆ ಬಂತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಚಪ್ಪಾಳೆ ಅಲ್ಲಲ್ಲಿ ಉಳಿದು, ಆಮೇಲೆ ನಿಂತೇಹೋಯಿತು. ಅವರ ಕೈ ಹಾಗೇ ಚಾಚಿಕೊಂಡಿತ್ತು. ಮತ್ತೊಮ್ಮೆ "ಏಳಮ್ಮ" ಎಂದರು. ಮೈಕಿನಲ್ಲಿ ಅಲ್ಲ, ಬರೀ ಬಾಯಲ್ಲಿ. ನಾನು ನನ್ನ ಕುರ್ಚಿಗೆ ಬೆನ್ನು ಒತ್ತಿ ಕೂತೇ ಇದ್ದೆ. ಯಾರೋ ಮುಂದಿನ ಭಾಷಣಕಾರರ ಹೆಸರು ಕೂಗಿದರು.

ಗೇಟಿನವರೆಗೆ ಒಬ್ಬ ಹುಡುಗಿ ಹಿಂದೆಯೇ ಓಡಿಬಂದಳು. "ಹುಷಾರಿಲ್ವಾ ಅಕ್ಕ?"

"ಆ ಕಥೆ ನಿಜ ಅಲ್ಲ ಕಣಮ್ಮ."

"ಯಾವುದು ಅಕ್ಕ? ನೀವು ಅತ್ತಿದ್ದಾ?"

"ಅತ್ತಿದ್ದು ನಿಜ. ಮಾರನೇ ದಿನ ಕೆಲಸಕ್ಕೆ ಬಂದಿದ್ದೂ ನಿಜ. ಸೀಟು ಸಿಗಲಿಲ್ಲ ಅನ್ನೋದು ಸುಳ್ಳು."

ಅವಳಿಗೆ ಅರ್ಥವಾಗಲಿಲ್ಲ. ಸಿಕ್ಕಿದ್ದರೆ ಯಾಕೆ ಅತ್ತಿರಿ ಎನ್ನುವ ಹಾಗೆ ನೋಡಿ, ಸರಿ ಅಕ್ಕ ಎಂದು ಒಳಗೆ ಹೋದಳು.

ಸೋಮವಾರ ಕಾರ್ಖಾನೆಯ ಬೀಗದ ಕೈಗಳನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಹೊರಡುವ ಮುಂಚೆ, ಹೊಸದಾಗಿ ಸೇರಿದ್ದ ಹೆಂಗಸರಿಬ್ಬರಿಗೆ ಎರಡು ತಳದ ಡಬ್ಬಿ ಮಡಚುವುದನ್ನು ಕಲಿಸಿದೆ. ಮಧ್ಯಾಹ್ನದೊಳಗೆ ಕಲಿತರು. ಅಷ್ಟೇ ಹೊತ್ತಿನ ಕೆಲಸ ಅದು. ಈಗ ಕೈಗಾರಿಕಾ ಪ್ರದೇಶದ ಬೇರೊಂದು ಕಂಪನಿಯಲ್ಲಿದ್ದೇನೆ. ಪುಣೆಗೆ ಅರ್ಜಿ ಹಾಕುವ ವಯಸ್ಸು ದಾಟಿ ಎಷ್ಟೋ ಕಾಲವಾಗಿತ್ತು. ಆ ನಿವೃತ್ತ ಅಧ್ಯಾಪಕಿ ಮಾತ್ರ ಆಗೊಮ್ಮೆ ಈಗೊಮ್ಮೆ ಫೋನಿನಲ್ಲಿ ಹೊಸ ಮಡಿಕೆಗಳ ಚಿತ್ರ ಕಳಿಸುತ್ತಾರೆ, ನಾನು ಮಡಚಿ ತೋರಿಸುತ್ತೇನೆ.

ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬರಲಿಲ್ಲ. ನಾನೂ ಹೋಗಲಿಲ್ಲ. ಅವರು ಆಸ್ಪತ್ರೆ ಸೇರಿದ್ದು, ತೀರಿಕೊಂಡದ್ದು ಎರಡೂ ಒಂದೇ ದಿನ ಗೊತ್ತಾಯಿತು. ಊರಿನ ದೊಡ್ಡವರೆಲ್ಲ ಸೇರಿ ನಡೆಸಿದ ನುಡಿನಮನಕ್ಕೆ ನಾನು ಹೋಗಲಿಲ್ಲ. ಅಲ್ಲಿ ನಾಲ್ಕು ಜನ ನನ್ನ ಕಥೆ ಹೇಳಿದರಂತೆ.

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಮಹಡಿ ಹತ್ತಿದೆ. ಅವರ ಹೆಂಡತಿ ಒಬ್ಬರೇ ಇದ್ದರು. ಹದಿಮೂರು ವರ್ಷ ನನಗೆ ಮಧ್ಯಾಹ್ನದ ಊಟ ಬಡಿಸಿದವರು. ಆ ಪತ್ರದ ವಿಷಯ ಅವರಿಗೆ ಗೊತ್ತಿತ್ತೇ ಎಂಬ ಅನುಮಾನ ನನ್ನನ್ನು ಕೊರೆಯುತ್ತಿತ್ತು. ಕೇಳಿಬಿಡಬೇಕೆಂದೇ ಹೋಗಿದ್ದೆ. ಅವರು ನನ್ನನ್ನು ಕಂಡು ಅತ್ತರು, ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಅವರೇ ಕೇಳಿದರು.

"ಆಸ್ಪತ್ರೇಲಿ ನಿನ್ದೇ ಮಾತು ಕಣವ್ವ. 'ಆ ಮಗು ಅವತ್ತು ಏಳ್ನಿಲ್ಲ, ಆ ಮಗು ಅವತ್ತು ಏಳ್ನಿಲ್ಲ' ಅಂತ. ಯಾಕೆ ಅಂತ ಕೇಳುದ್ರೆ ಬಾಯೇ ಬುಡ್ತಿರ್ನಿಲ್ಲ. ಏನಾಗಿತ್ತವ್ವ ನಿಂಗೆ ಅವತ್ತು?"

ಅವರ ಮುಖ ನೋಡಿದೆ. ಅವರಿಗೆ ಏನೂ ಗೊತ್ತಿರಲಿಲ್ಲ. ನಿಜ ಹೇಳಿದರೆ, ಐವತ್ತು ವರ್ಷ ಜೊತೆಗೆ ಬಾಳಿದ ಮನುಷ್ಯ ಅವರಿಂದಲೂ ಅದನ್ನು ಮುಚ್ಚಿಟ್ಟಿದ್ದರು ಎಂದು ನಾನು ಈಗ ಹೇಳಬೇಕಾಗುತ್ತಿತ್ತು.

"ಕಾಲು ಜೋಮು ಹಿಡ್ದಿತ್ತು ಅಮ್ಮ," ಎಂದೆ.

ಅವರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಬೇಸರದಿಂದ ತಲೆಯಾಡಿಸಿದರು.

"ಅಷ್ಟೇ ಅಂತ ಒಂದ್ ಮಾತು ಬಂದು ಹೇಳ್ಬಾರ್ದಿತ್ತಾ? ಅದ್ನೇ ಕೊರಗ್ಕೊಂಡು ಹೋದ್ರಲ್ಲವ್ವ. ಅಷ್ಟು ಮಾಡ್ದೋರ್ಗೆ ಇಷ್ಟಾದ್ರೂ ಮಾಡ್ಬಾರ್ದಿತ್ತಾ ನೀನು?"

"ಹೌದಮ್ಮ, ಬಂದು ಹೇಳ್ಬೇಕಿತ್ತು," ಎಂದೆ.